‘ಖಂಡಿತಾ ಬರ್ತೀನಿ’ ಅಂದೋರು ಎಲ್ಲಿ ಸ್ವಾಮಿ?

ಗೆಳೆಯರೇ, ಈ ವಾರ ತಾರೆಯರನ್ನು ಸ್ವಲ್ಪ ಪಕ್ಕಕ್ಕಿಟ್ಟು ಮದುವೆ ಕಾರ್ಡಿನ ವಿಚಾರ ಮಾತಾಡೋಣ. ಮೂಲೆಗೆ ಅರಿಶಿನ ಹಚ್ಚಿ, ಜೊತೆಗೆ ನಾಲ್ಕು ಕಾಳು ಅಕ್ಷತೆ ಕೊಟ್ಟು ಕರೆದರಲ್ಲ, ಅವರಿಗೆ ಏನಂತ ಉತ್ತರ ಹೇಳಿದಿರಿ? ‘ಖಂಡಿತಾ ಬರ್ತೀನಿ’ ಅಂತ ತಾನೇ? ಪೇಚಾಟ ಶುರುವಾಗೋದೇ ಅಲ್ಲಿಂದ!

ನಮ್ಮಲ್ಲಿ ಕರೆಯೋದಕ್ಕೆ ನೂರೆಂಟು ಶಾಸ್ತ್ರ. ಮೊದಲ ಪತ್ರಿಕೆ ಮನೆದೇವರ ಮುಂದೆ. ಹತ್ತಿರದ ನೆಂಟರ ಮನೆಗೆ ಗಂಡ ಹೆಂಡತಿ ಇಬ್ಬರೂ ಹೋಗಿ ಕುಂಕುಮ ಕೊಟ್ಟು ಕರೆಯಬೇಕು. ಪತ್ರಿಕೆಯಲ್ಲಿ ದೊಡ್ಡಪ್ಪನ ಹೆಸರು ಚಿಕ್ಕಪ್ಪನ ಹೆಸರಿಗಿಂತ ಕೆಳಗೆ ಬಿತ್ತೋ, ಮುಗೀತು, ಆ ಮನೆಯವರು ಛತ್ರದ ಮೆಟ್ಟಿಲು ಹತ್ತೋಲ್ಲ. ‘ಮನೆಗೆ ಬೀಗ ಹಾಕ್ಕೊಂಡು ಎಲ್ಲರೂ ಬನ್ನಿ’ ಅನ್ನದಿದ್ದರೆ ಅದು ಕರೆದದ್ದೇ ಅಲ್ಲ. ಸರಿ, ಉತ್ತರ ಹೇಳೋದಕ್ಕೆ ಏನು ಶಾಸ್ತ್ರ ಇದೆ? ಒಂದೂ ಇಲ್ಲ! ‘ಎಷ್ಟು ಜನ ಬರ್ತೀರಿ?’ ಅಂತ ಕೇಳಿದರೆ ಅವಮಾನ. ‘ಬರೋಕಾಗಲ್ಲ’ ಅಂದರೆ ಅಪಶಕುನ. ಹಾಗಾಗಿ ಬರುವವನೂ ಖಂಡಿತಾ, ಬಾರದವನೂ ಖಂಡಿತಾ!

ಈ ‘ಖಂಡಿತಾ’ದಲ್ಲೂ ಜಾತಿಗಳಿವೆ. ನಾನು ಗಮನಿಸಿದ್ದನ್ನು ಹೇಳ್ತೀನಿ ಕೇಳಿ. ಕಾರ್ಡು ಬಿಚ್ಚದೆ, ತಾರೀಖು ನೋಡದೆ ‘ನಮ್ಮನೆ ಮದುವೆ ಕಣಯ್ಯಾ, ಬರದೇ ಇರ್ತೀನಾ?’ ಅಂದನೋ, ಅವನು ಬರೋದಿಲ್ಲ. ‘ನೋಡೋಣ’ ಅಂದವನದು ಮರ್ಯಾದೆಯ ಇಲ್ಲ. ‘ಛತ್ರ ಎಲ್ಲಿ? ಬಸ್ ಸ್ಟ್ಯಾಂಡಿಂದ ಎಷ್ಟು ದೂರ? ರಾತ್ರಿ ಉಳಿಯೋಕೆ ಜಾಗ ಇದೆಯಾ?’ ಅಂತ ತಲೆ ತಿಂದನೋ, ಅವನು ಬಂದೇ ಬರ್ತಾನೆ, ಒಂದು ಎಲೆ ಹಾಕಿಡಿ! ಈಗಂತೂ ಕಾರ್ಡು ವಾಟ್ಸಾಪ್‌ನಲ್ಲೇ ಬರುತ್ತೆ. ಎರಡು ನೀಲಿ ಗೆರೆ ಬಿದ್ದರೆ ನೋಡಿದ ಅಂತ ಅರ್ಥವೇ ಹೊರತು ಬರ್ತಾನೆ ಅಂತಲ್ಲ. ಹೆಬ್ಬೆರಳು ಎತ್ತಿ ತೋರಿಸಿದವನ ಗತಿಯೂ ಅಷ್ಟೇ.

ಚಿತ್ರಮಂದಿರದಲ್ಲಿ ಈ ತಾಪತ್ರಯ ಇಲ್ಲ. ಹರಿದ ಟಿಕೆಟ್ ಎಷ್ಟೋ ತಲೆ ಅಷ್ಟೇ. ಬಾಲ್ಕನಿಯಲ್ಲಿ ಹತ್ತೇ ಜನ ಇದ್ದರೂ ಸೀಟು ಹಳಸೋದಿಲ್ಲ, ಫಸ್ಟ್ ಶೋಗೆ ಅದನ್ನೇ ಮತ್ತೆ ಮಾರಬಹುದು. ಮಧ್ಯಾಹ್ನ ಮಿಕ್ಕ ಪಾಯಸವನ್ನು ಫಸ್ಟ್ ಶೋಗೆ ಮಾರೋಕಾಗುತ್ತಾ?

ಅಡಿಗೆ ಕಂಟ್ರಾಕ್ಟರನ ಲೆಕ್ಕ ಎಲೆ ಲೆಕ್ಕ. 500 ಎಲೆ ಅಂತ ಮಾತಾಗಿದ್ದರೆ 350 ಜನ ಉಂಡರೂ 500 ಎಲೆಯ ದುಡ್ಡು ಎಣಿಸಬೇಕು. ಹುಡುಗಿಯ ಅಪ್ಪ ಆ ದುಡ್ಡನ್ನು ಸಾಲ ತಂದಿರುತ್ತಾರೆ. ಬಡ್ಡಿ ಕಟ್ಟೋದು ‘ಖಂಡಿತಾ’ ಅಂದು ಕೈಕೊಟ್ಟ ನೀವಲ್ಲ, ಅವರು. ಇದರ ಉಲ್ಟಾ ಕೇಸೂ ಇದೆ. ಒಬ್ಬನಿಗೆ ಕಾರ್ಡು, ಬಂದದ್ದು ಎಂಟು ಜನರ ಗ್ಯಾಂಗು! ಆಗ ಕೊನೆ ಪಂಕ್ತಿಗೆ ಬರೀ ಅನ್ನ, ತಿಳಿಸಾರು. ಆ ಪಂಕ್ತಿಯಲ್ಲಿ ಕೂತಿರೋದು ಬೆಳಗಿನಿಂದ ಓಡಾಡಿ ದುಡಿದ ಮನೆಮಂದಿ.

ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು 75 ಕಲ್ಯಾಣಮಂಟಪಗಳಲ್ಲಿ ಕೂತು ಲೆಕ್ಕ ಹಾಕಿದರು. 2012ರಲ್ಲಿ ಹೊರಬಂದ ಆ ಲೆಕ್ಕದ ಪ್ರಕಾರ ಬೆಂಗಳೂರೊಂದರಲ್ಲೇ ಮದುವೆ ಊಟದಲ್ಲಿ ವರ್ಷಕ್ಕೆ 943 ಟನ್ ಆಹಾರ ಹಾಳು! ಎಲೆಯಲ್ಲಿ ಬಿಟ್ಟೆದ್ದದ್ದೂ ಅದರಲ್ಲಿ ಸೇರಿರಬಹುದು, ನಿಜ. ಆದರೆ ಯಾರೂ ಕೂರದ ಎಲೆಗೆ ಬೇಯಿಸಿದ್ದು ಎಲ್ಲಿಗೆ ಹೋಗುತ್ತೆ, ನೀವೇ ಹೇಳಿ?

‘ತಾರೆಯರ ಮದುವೆ ಅದ್ಧೂರಿಯಾಗಿ ನಡೆಯೋಲ್ವಾ?’ ಅಂತೀರಾ? ನಡೆಯುತ್ತೆ. 2016ರ ಡಿಸೆಂಬರ್‌ನಲ್ಲಿ ಯಶ್ ಮತ್ತು ರಾಧಿಕಾ ಪಂಡಿತ್ ಮದುವೆಯಾದಾಗ ಬೆಂಗಳೂರಿನ ಆರತಕ್ಷತೆಗೆ ಅಭಿಮಾನಿಗಳಿಗೂ ಕರೆ ಇತ್ತು. ಅಂಥ ಕಡೆ ಲೆಕ್ಕ ನೋಡೋಕೆ ಆಳುಕಾಳು ಇರುತ್ತಾರೆ. ನಿಮ್ಮ ಗೆಳೆಯನ ಮನೆಯಲ್ಲಿ ಲೆಕ್ಕ ನೋಡೋದು ಅವನ ಅಪ್ಪ, ಒಂದು ಹಳೇ ನೋಟ್‌ಬುಕ್ಕು. 1965ರಲ್ಲೇ ರಾಜ್‌ಕುಮಾರ್ ಚಿತ್ರಕ್ಕೆ ‘ಮದುವೆ ಮಾಡಿ ನೋಡು’ ಅಂತ ಹೆಸರಿಟ್ಟರು. ಗಾದೆ ಸುಮ್ಮನೆ ಹುಟ್ಟಿದ್ದಲ್ಲ!

ಕೇಳಿ ಹೇಳುವುದು ಅವಮಾನವಲ್ಲ ಅಂತ ನಮಗೆ ಕಲಿಸಿದ್ದು 2020. ಕೊರೊನಾ ಕಾಲದಲ್ಲಿ ಮದುವೆಗೆ 50 ಜನ ಅಂತ ಸರ್ಕಾರ ಗೆರೆ ಎಳೆಯಿತು. ಆಗ ಪ್ರತಿ ಮನೆಯವರೂ ಹೆಸರು ಹಿಡಿದು ಎಣಿಸಿದರು, ‘ನಿಮ್ಮ ಮನೆಯಿಂದ ಇಬ್ಬರೇ ಬನ್ನಿ’ ಅಂತ ಬಾಯಿಬಿಟ್ಟು ಹೇಳಿದರು. ಯಾವ ನೆಂಟಸ್ತನವೂ ಅದರಿಂದ ಮುರಿಯಲಿಲ್ಲ. ರೋಗ ಹೋಯಿತು, ಆ ಒಳ್ಳೇ ಅಭ್ಯಾಸವೂ ಅದರ ಜೊತೆಗೇ ಹೋಯಿತು.

ಅದಕ್ಕೇ ನನ್ನದೊಂದು ಮನವಿ. ಹೋಗೋಕಾಗಲ್ಲ ಅಂತ ಗೊತ್ತಾದ ದಿನವೇ ಹೇಳಿಬಿಡಿ. ನಾಲ್ಕು ದಿನ ಮುಂಚೆ ಹೇಳಿದರೆ ದಿನಸಿ ಚೀಟಿಯೇ ಬದಲಾಗುತ್ತೆ. ಹಿಂದಿನ ಸಂಜೆಗೆ ಲಾಡು ಕಟ್ಟಿ ಆಗಿರುತ್ತೆ, ಆದರೂ ಅಕ್ಕಿ ಕಡಿಮೆ ಹಾಕಬಹುದು. ಮುಹೂರ್ತದ ಹೊತ್ತಿಗೆ ಫೋನ್ ಮಾಡಿ ‘ಸಾರಿ ಗುರು’ ಅಂದರೆ ಒಲೆಯ ಮೇಲಿನ ಹಂಡೆಗೆ ಕೇಳಿಸೋಲ್ಲ. ಜೊತೆಗೆ ಗ್ಯಾಂಗು ಬರೋದಾದರೆ ತಲೆ ಎಷ್ಟು ಅಂತ ಹೇಳಿ. ‘ನಾವು ಐದು ಜನ ಊಟಕ್ಕೆ ಇರ್ತೀವಿ’ ಅಂದರೆ ಯಾರೂ ಬೈಯೋಲ್ಲ, ನೋಟ್‌ಬುಕ್ಕಿನಲ್ಲಿ ಬರ್ಕೋತಾರೆ, ಅಷ್ಟೇ.

‘ಬರೋಕಾಗಲ್ಲ’ ಅನ್ನೋದಕ್ಕೆ ನಾಲಿಗೆ ಏಳೋದಿಲ್ವಾ? ಹೀಗೆ ಹೇಳಿ: ‘ಮುಹೂರ್ತಕ್ಕೆ ಆಗ್ತಿಲ್ಲ ಕಣೋ, ಎಲೆ ಲೆಕ್ಕದಲ್ಲಿ ನನ್ನ ಸೇರಿಸಬೇಡ. ಮುಂದಿನ ಭಾನುವಾರ ನಿಮ್ಮನೆಗೆ ಬಂದು ಇಬ್ಬರನ್ನೂ ನೋಡ್ತೀನಿ.’ ಹೇಳಿದ ಮೇಲೆ ಆ ಭಾನುವಾರ ಹೋಗಬೇಕು, ಮತ್ತೆ!

ಇಷ್ಟಾಗಿಯೂ ಮದುವೆ ತಪ್ಪಿಸಬೇಡಿ ಅಂತಲೇ ನನ್ನ ಸಲಹೆ. 2006ರ ‘ಮುಂಗಾರು ಮಳೆ’ಯಲ್ಲಿ ಗಣೇಶ್ ಅಮ್ಮನ ಗೆಳತಿಯ ಮನೆ ಮದುವೆಗೆ ಅಂತ ಮಡಿಕೇರಿಗೆ ಹೋಗದೇ ಇದ್ದಿದ್ದರೆ ನಮಗೆ ಆ ಚಿತ್ರವೇ ಇರುತ್ತಿರಲಿಲ್ಲ. ಹೋಗಿ, ಹೊಟ್ಟೆ ತುಂಬ ಉಂಡು ಬನ್ನಿ. ಹೃದಯದ ವಿಚಾರ ನಿಮಗೇ ಬಿಟ್ಟದ್ದು!