ಇದು ಜುಗಾಡ್ ಅಲ್ಲ, ಹೊಲಿಗೆ

‘ಕ್ಯಾಮೆರಾಗೆ ಅಷ್ಟು ದುಡ್ಡು ಸುರಿದು ಚೀಲಕ್ಕೆ ಜಿಪುಣತನವಾ?’ ನಾಗಪುರದ ಬಜಾಜ್ ನಗರದಂಥ ಕಡೆ ಬಾಡಿಗೆ ಕೋಣೆ ಹಿಡಿದು ಓದುವ, ದುಡಿಯುವ ನಮ್ಮವರಲ್ಲಿ ಯಾರಾದರೂ ಹಳೇ ಕಾಲೇಜು ಬ್ಯಾಗಿನೊಳಗೆ ಕೂರುವಂತೆ ಮೆತ್ತೆಯ ಪೆಟ್ಟಿಗೆಯೊಂದನ್ನು ತಾವೇ ಹೊಲಿದುಕೊಂಡರೆ ಎದುರಾಗುವ ಮೊದಲ ಪ್ರಶ್ನೆ ಇದು. ಅದರಲ್ಲಿ ಅರ್ಧ ಕನಿಕರ, ಅರ್ಧ ನಗೆ. ಮೇಲೊಂದು ಬಿರುದು ಬೇರೆ: ‘ಒಳ್ಳೇ ಜುಗಾಡ್ ಮಾರಾಯ!’ ನನ್ನ ತಕರಾರು ಈ ಬಿರುದಿನ ಬಗ್ಗೆಯೇ.

ಜುಗಾಡ್ ಎಂದರೆ ಸರಿಯಾದದ್ದು ಸಿಗದಾಗ ಹೇಗೋ ದಿನ ದೂಡುವುದು. ಆದರೆ ಅಂಗಡಿಯ ಇನ್ಸರ್ಟನ್ನು ಬಿಚ್ಚಿ ನೋಡಿ. ಒಳಗಿರುವುದು ಮುಖ್ಯವಾಗಿ ಮೂರು ಸಾಮಾನು: ಫೋಮು, ಅದಕ್ಕೊಂದು ಬಟ್ಟೆಯ ಹೊದಿಕೆ, ನಡುವಿನ ಗೋಡೆಗಳನ್ನು ಹಿಡಿದಿಡುವ ವೆಲ್ಕ್ರೋ. ಇವು ಮೂರೂ ಪೇಟೆಯಲ್ಲಿ ಬಿಡಿಯಾಗಿ, ಅಗ್ಗವಾಗಿ ಸಿಗುತ್ತವೆ. ಹಾಗಿದ್ದಮೇಲೆ ಮನೆಯಲ್ಲಿ ಮಾಡಿದ್ದು ನಕಲು, ಕಾರ್ಖಾನೆಯದ್ದು ಅಸಲು ಎಂದು ತೀರ್ಪು ಕೊಡುವುದು ಯಾವ ಲೆಕ್ಕದಲ್ಲಿ?

ಮಾಡುವ ಕ್ರಮದಲ್ಲಿ ಗುಟ್ಟೇನಿಲ್ಲ, ಗಮನ ಬೇಕು ಅಷ್ಟೆ. ಸೋಫಾದ ಮೆತ್ತನೆ ಸ್ಪಂಜು ಬೇಡ. ಭಾರ ಬಿದ್ದರೆ ಅದು ಕಾಗದದಂತೆ ಚಪ್ಪಟೆಯಾಗುತ್ತದೆ, ಮಳೆಗಾಲದಲ್ಲಿ ತೇವ ಹಿಡಿದಿಟ್ಟುಕೊಳ್ಳುತ್ತದೆ, ತೇವ ನಿಂತ ಕಡೆ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ. ಥರ್ಮೋಕೋಲ್ ಒಡೆದು ಉದುರುತ್ತದೆ. ಹಳೆಯ ಯೋಗ ಮ್ಯಾಟು, ಟೀವಿ ಡಬ್ಬದಲ್ಲಿ ಬರುವ ಬಿಳಿ ಪ್ಯಾಕಿಂಗ್ ಹಾಳೆ ಇಂಥವು ಬೇಕು. ಇವುಗಳೊಳಗಿನ ಗಾಳಿಗುಳ್ಳೆಗಳು ಒಂದಕ್ಕೊಂದು ಸೇರದೆ ಮುಚ್ಚಿಕೊಂಡಿರುವುದರಿಂದ ಒತ್ತಿದರೆ ತಗ್ಗಿ ಮತ್ತೆ ಏಳುತ್ತವೆ, ನೀರು ಕುಡಿಯುವುದಿಲ್ಲ. ಮ್ಯಾಟು 6 ಮಿ.ಮೀ. ಇದ್ದರೆ ತಳಕ್ಕೆ ಎರಡು ಪದರ ಹಾಕಿ. ಚೀಲವನ್ನು ನೆಲಕ್ಕಿಡುವಾಗ ಪೆಟ್ಟು ಬೀಳುವುದು ಅಲ್ಲೇ. ಲೆನ್ಸ್ ತೊಡಿಸಿಯೇ ಕ್ಯಾಮೆರಾದ ಅಳತೆ ತೆಗೆಯಿರಿ. ಹೊರಗಿನ ಅಳತೆಗೆ ಎರಡೂ ಬದಿಯ ಫೋಮಿನ ದಪ್ಪ ಸೇರಿಸಲು ಮರೆಯಬೇಡಿ. ಹೊದಿಕೆಗೆ ನುಣುಪಾದ ಹತ್ತಿ ಬಟ್ಟೆ ಇರಲಿ. ಟವೆಲ್ ಹಾಕಿದರೆ ಅದರ ನೂಲುಜುಂಗು ಸೆನ್ಸರಿನವರೆಗೂ ಹೋಗುತ್ತದೆ. ವೆಲ್ಕ್ರೋದ ಒರಟು ಬದಿ ಕ್ಯಾಮೆರಾಗೆ ತಾಗದಂತೆ ಹೊಲಿಯಿರಿ. ಮೊದಲ ಸವಾರಿ ಕ್ಯಾಮೆರಾದ್ದಲ್ಲ, ಅಷ್ಟೇ ತೂಕದ ಬೇಳೆ ಪ್ಯಾಕೆಟ್ಟಿನದ್ದು. ಅಲುಗಾಡಿಸಿ, ಹೊರಗಿನಿಂದ ಒತ್ತಿ ನೋಡಿ.

ಅಂಗಡಿಯ ಚೀಲವೇ ದಂಡ ಎಂದು ನಾನು ಹೇಳುತ್ತಿಲ್ಲ. ವಾರವಾರ ಮದುವೆ ಮನೆ ಸುತ್ತಿ ಕ್ಯಾಮೆರಾದಿಂದಲೇ ಅನ್ನ ದುಡಿಯುವವರಿಗೆ ಗಟ್ಟಿ ಜಿಪ್ಪು, ಮಳೆಯ ಹೊದಿಕೆ, ಹೆಗಲು ಕೊಯ್ಯದ ಪಟ್ಟಿ ಎಲ್ಲ ಬೇಕು, ಕೊಳ್ಳಲಿ. ಆದರೆ ಒಂದು ಸೆಕೆಂಡ್‌ಹ್ಯಾಂಡ್ ಕ್ಯಾಮೆರಾ, ಎರಡು ಲೆನ್ಸ್ ಇಟ್ಟುಕೊಂಡು ಭಾನುವಾರ ಅಂಬಾಝರಿ ಕೆರೆಯತ್ತ ಹಕ್ಕಿ ನೋಡಲು ಹೋಗುವ, ವರ್ಷಕ್ಕೆರಡು ಸಲ ಸಂಘಮಿತ್ರ ರೈಲು ಹತ್ತಿ ಬೆಂಗಳೂರಿಗೆ ಬರುವ ವಿದ್ಯಾರ್ಥಿಗೆ ಆ ಖರ್ಚು ಯಾಕೆ? ರೈಲಿನಲ್ಲಂತೂ ಕ್ಯಾಮೆರಾ ಬ್ಯಾಗು ‘ನನ್ನೊಳಗೆ ಬೆಲೆಬಾಳುವುದಿದೆ’ ಎಂದು ಡಂಗುರ ಸಾರುತ್ತದೆ. ಮಾಸಿದ ಕಾಲೇಜು ಬ್ಯಾಗು ಬಾಯಿ ಬಿಡುವುದಿಲ್ಲ.

ಅಸಲು ಜಗಳ ದುಡ್ಡಿನದ್ದೂ ಅಲ್ಲ. ಹಳೇ ಸೀರೆ, ಧೋತರಗಳನ್ನು ಪದರಪದರವಾಗಿ ಹಾಸಿ, ಜಾರದಂತೆ ಒತ್ತೊತ್ತಾಗಿ ಹೊಲಿದು ಮೆತ್ತೆ ಮಾಡುವ ವಿದ್ಯೆ ಉತ್ತರ ಕರ್ನಾಟಕದ ಮನೆಮನೆಯದು. ನಮಗದು ಕೌದಿ, ಇಲ್ಲಿಯ ಮರಾಠಿಗರಿಗೆ ಗೋಧಡಿ, ಹಳಿಯಾಳ, ಯಲ್ಲಾಪುರದ ಸಿದ್ದಿ ಹೆಂಗಸರ ಕೈಯಲ್ಲಿ ಕವಂದಿ. ಊರು ಬಿಟ್ಟುಬಂದ ನಾವು ಆ ಕೌದಿಯ ಫೋಟೊ ಹಾಕಿ ಕಣ್ಣು ಒದ್ದೆ ಮಾಡಿಕೊಳ್ಳುತ್ತೇವೆ, ಅನುಕೂಲವಿದ್ದವರು ಗೋಡೆಗೂ ತೂಗುಹಾಕುತ್ತಾರೆ. ಅಜ್ಜಿ ಹೊಲಿದರೆ ಪರಂಪರೆ, ಪ್ರದರ್ಶನದಲ್ಲಿಟ್ಟರೆ ಕಲೆ, ಪಕ್ಕದ ಕೋಣೆಯ ಹುಡುಗ ಅದೇ ಕೆಲಸ ಮಾಡಿದರೆ ಜುಗಾಡ್! ಹೊಲಿಗೆ ಹೆಂಗಸರ ಕೆಲಸ, ಬಡವರ ಕೆಲಸ ಎಂಬ ಹಳೇ ತಾತ್ಸಾರವನ್ನೂ ನಾವು ಊರಿಂದ ಗಂಟು ಕಟ್ಟಿಕೊಂಡೇ ಬಂದಿದ್ದೇವೆ.

ಬಜಾಜ್ ನಗರದ ಮಗ್ಗುಲಲ್ಲೇ ಇರುವ, 1960ರಲ್ಲಿ ಶುರುವಾದ ಎಂಜಿನಿಯರಿಂಗ್ ಸಂಸ್ಥೆಗೆ ನಮ್ಮ ವಿಶ್ವೇಶ್ವರಯ್ಯನವರ ಹೆಸರಿದೆ. ಅಲ್ಲಿಂದ ಸುಮಾರು 75 ಕಿ.ಮೀ. ದೂರದ ಸೇವಾಗ್ರಾಮದಲ್ಲಿ ಗಾಂಧಿ 1936ರಿಂದ ನೆಲೆಸಿದ್ದರು. ದೊಡ್ಡ ಕೈಗಾರಿಕೆಯ ವಿಷಯದಲ್ಲಿ ಇಬ್ಬರ ದಾರಿ ಬೇರೆಬೇರೆ. ಆದರೆ ತಯಾರಿಸುವುದಕ್ಕಿಂತ ಕೊಳ್ಳುವುದೇ ಮೇಲು ಎಂದು ಇಬ್ಬರೂ ನಂಬಿದವರಲ್ಲ. ತೊಲೆಯ ಭಾರ ಲೆಕ್ಕ ಹಾಕಬಲ್ಲವನಿಗೆ ಸೂಜಿಗೆ ದಾರ ಪೋಣಿಸುವುದು ಅವಮಾನವೆನಿಸಿದರೆ ಕೊರತೆ ಇರುವುದು ಸೂಜಿಯಲ್ಲಲ್ಲ.

ಕೈಯಲ್ಲಿ ಆಗದಿದ್ದರೆ ಬೀದಿಯ ಟೈಲರ್ ಬಳಿ ಹೋಗಿ. ಫೋಮು ಕತ್ತರಿಸಿ, ಅಳತೆ ಬರೆದುಕೊಂಡೇ ಹೋಗಿ. ಅವರು ಕೇಳಿದ ಕೂಲಿಯನ್ನು ಚೌಕಾಶಿ ಮಾಡದೆ ಕೊಡಿ. ಆನ್‌ಲೈನಿನಲ್ಲಿ ಅಚ್ಚು ಹಾಕಿದ ಬೆಲೆಯನ್ನು ತುಟಿಪಿಟಕ್ಕೆನ್ನದೆ ತೆರುವ ನಾವು, ಎದುರಿಗೆ ಕೂತು ಹೊಲಿಯುವ ಮನುಷ್ಯನಿಗೆ ಮಾತ್ರ ‘ಇಷ್ಟಕ್ಕೆ ಅಷ್ಟಾ?’ ಅನ್ನುತ್ತೇವೆ. ಜಿಪುಣತನ ಅಂದರೆ ಅದು.