ಅನುಮಾನವೇ ಕಥೆಯಲ್ಲ

ಅಮೆರಿಕದ ‘ದಿ ಕಿಲ್ಲಿಂಗ್’ ಧಾರಾವಾಹಿ 2011ರಲ್ಲಿ ಶುರುವಾಯಿತು. ರೋಸಿ ಎಂಬ ಹುಡುಗಿಯನ್ನು ಕೊಂದವರು ಯಾರು? ಮೊದಲ ಸೀಸನ್‌ನ 13 ಕಂತು ಮುಗಿದರೂ ಉತ್ತರವಿಲ್ಲ. ಇನ್ನೂ 13 ಕಂತು ಕಾಯಿಸಿದರು. ನೋಡುಗರು ಸಿಟ್ಟಾದರು.

ಕಾಯಿಸಿದ್ದು ನಮಗೆ ದೊಡ್ಡ ತಪ್ಪಾಗಿ ಕಾಣಲಿಲ್ಲ. ಒಬ್ಬೊಬ್ಬರ ಮೇಲೂ ಅನುಮಾನ ಹುಟ್ಟಿಸಿ ಕೈಬಿಟ್ಟದ್ದು ತಪ್ಪು. ಬೆನೆಟ್ ಎಂಬ ಮೇಷ್ಟ್ರೇ ಕೊಲೆಗಾರ ಎಂದು ನಂಬಿ ರೋಸಿಯ ಅಪ್ಪ ಅವರನ್ನು ಸಾಯುವಂತೆ ಹೊಡೆಯುತ್ತಾನೆ. ಮೇಷ್ಟ್ರು ನಿರಪರಾಧಿ. ಕಥೆ ಮಾತ್ರ ಮುಂದಿನ ಅನುಮಾನದ ಹಿಂದೆ ಓಡುತ್ತದೆ. ಇದು ಬರವಣಿಗೆಯ ಸೋಮಾರಿತನ.

ಅಪರಾಧ ಸುದ್ದಿ ಬರೆಯುವ ನಾವೂ ಇದನ್ನೇ ಮಾಡುತ್ತೇವೆ. ಅನುಮಾನದ ಮೇಲೆ ಹೆಸರು ದೊಡ್ಡದಾಗಿ ಹಾಕುತ್ತೇವೆ. ಆತ ನಿರಪರಾಧಿ ಎಂದು ತಿಳಿದ ದಿನ ಒಂದು ಸಾಲೂ ಬರೆಯುವುದಿಲ್ಲ. ಧಾರಾವಾಹಿ ಮುಗಿಯುತ್ತದೆ. ಊರಲ್ಲಿ ಆ ಹೆಸರು ಉಳಿಯುತ್ತದೆ.