ಅರ್ಧ ಮಾತ್ರೆಯ ವೈದ್ಯರು

ಮರಾಠಿಯಲ್ಲೋ ಹಿಂದಿಯಲ್ಲೋ "ನೆಗಡಿಗೆ ಏನಾದರೂ ಕೊಡಿ" ಎಂದು ಔಷಧದಂಗಡಿಯಲ್ಲಿ ಕೈಚಾಚುವುದು ಮುಂಬಯಿ ಕನ್ನಡಿಗರಾದ ನಮಗೆ ರೂಢಿಯಾಗಿಬಿಟ್ಟಿದೆ. ಡಾಕ್ಟರರಲ್ಲಿಗೆ ಹೋದರೆ ಫೀಜು ದಂಡ, ರಜೆ ದಂಡ ಎಂಬ ಸಮಜಾಯಿಷಿ ಬೇರೆ. ಒಪ್ಪೋಣ, ಸಾಮಾನ್ಯ ನೆಗಡಿಗೆ ಡಾಕ್ಟರರು ಬೇಕಿಲ್ಲ. ಆದರೆ ಕೊಂಡದ್ದನ್ನು ಓದಿ ನೋಡಲು ಯಾವ ಫೀಜು? ಅಂಗಡಿಯವನು ಸ್ಟ್ರಿಪ್ಪಿನಿಂದ ಎರಡು ಮಾತ್ರೆ ಕತ್ತರಿಸಿ ಕೊಡುತ್ತಾನೆ. ಹೆಸರು, ತಾರೀಖು ಅವನ ತುಂಡಿನಲ್ಲೇ ಉಳಿಯುತ್ತವೆ. ನಾವು ಕೇಳುವುದಿಲ್ಲ.

ನೆಗಡಿಯ ಅನೇಕ ಮಾತ್ರೆಗಳಲ್ಲಿ ಪ್ಯಾರಾಸಿಟಮಾಲ್ ಇದ್ದೇ ಇರುತ್ತದೆ. ಅದರ ಮೇಲೆ ಜ್ವರಕ್ಕೆಂದು ಬೇರೆ ಹೆಸರಿನಲ್ಲಿ ಅದನ್ನೇ ಮತ್ತೆ ನುಂಗುತ್ತೇವೆ. ದೊಡ್ಡವರಿಗೂ ದಿನಕ್ಕೆ 4 ಗ್ರಾಂ ಮೀರಕೂಡದು. ಮೀರಿದರೆ ಪೆಟ್ಟು ಲಿವರಿಗೆ.

ಮಕ್ಕಳ ವಿಷಯದಲ್ಲಂತೂ ಇದು ಅಪರಾಧವೇ ಸರಿ. ದೊಡ್ಡವರ ಮಾತ್ರೆ ಮುರಿದು, ಸಕ್ಕರೆನೀರಲ್ಲಿ ಕದಡಿ ಕುಡಿಸುವ ತಾಯಂದಿರನ್ನು ಬಲ್ಲೆ (ತಂದೆಯರೇನು ಕಡಿಮೆಯಲ್ಲ). ಕ್ಲೋರ್‌ಫೆನಿರಮಿನ್, ಫಿನೈಲೆಫ್ರಿನ್ ಎರಡೂ ಬೆರೆತ ನೆಗಡಿ ಔಷಧವನ್ನು 4 ವರ್ಷದೊಳಗಿನವರಿಗೆ ಕೊಡಬಾರದೆಂದು ಅಚ್ಚುಹಾಕುವಂತೆ ಭಾರತದ ಔಷಧ ಮಹಾನಿಯಂತ್ರಕರು 2023ರಲ್ಲೇ ಆದೇಶಿಸಿದ್ದಾರೆ. ಅಚ್ಚಾದದ್ದನ್ನು ಓದುವವರು ಯಾರು? ಊರಿನಿಂದ ಬಂದ ಅಜ್ಜಿ ಮೆಣಸಿನ ಕಷಾಯ ಕುದಿಸಿದರೆ ನಗುತ್ತೇವೆ; ಅದೇ ರಾತ್ರಿ ನೆರೆಮನೆಯವರು ಕೊಟ್ಟ ಹೆಸರಿಲ್ಲದ ಮಾತ್ರೆಯನ್ನು ಕೂಸಿನ ಬಾಯಿಗೆ ಹಾಕುತ್ತೇವೆ.